‘ಹಿಂಡು’ ಮತ್ತು ‘ದಸ್ಸುಯಿ’: ಒಗೆಯುವ ಯಂತ್ರದ ಮೇಲಿನ ನುಡಿ

ಬಟ್ಟೆ ಒಗೆಯುವ ಯಂತ್ರದ ಫಲಕದ ಮೇಲಿರುವ ನಾಲ್ಕಾರು ಪದಗಳನ್ನು ಭಾಷಾಚರಿತ್ರೆಯ ಆಕರವಾಗಿ ಓದಬಹುದೇ ಎಂಬುದು ಈ ಬರಹದ ಪ್ರಶ್ನೆ. ಜಪಾನಿಗೆ ಹೋಗಿ ನೆಲೆಸುವ ಕನ್ನಡ ಕುಟುಂಬಗಳಿಗೆ ಎದುರಾಗುವ ಫಲಕವನ್ನೇ ಮೊದಲು ನೋಡೋಣ. ಅದರಲ್ಲಿ ಮೂರು ಪದಗಳು ಮುಖ್ಯ: ‘ಅರಾಯಿ’ ಎಂದರೆ ಒಗೆತ, ‘ಸುಸುಗಿ’ ಎಂದರೆ ಜಾಲಿಸುವುದು, ‘ದಸ್ಸುಯಿ’ ಎಂದರೆ ನೀರು ತೆಗೆಯುವುದು. ಮೊದಲೆರಡು ದೇಶ್ಯ ಕ್ರಿಯಾಪದಗಳಿಂದಾದ ನಾಮಪದಗಳು. ಮೂರನೆಯದು ಚೀನೀ ಮೂಲದ ಧಾತುಗಳನ್ನು ಕೂಡಿಸಿ ಕಟ್ಟಿದ ಸಮಾಸ.

ಹಿಂಡುವುದಕ್ಕೆ ಜಪಾನಿಯಲ್ಲಿ ‘ಶಿಬೊರು’ ಎಂಬ ದೇಶ್ಯ ಕ್ರಿಯಾಪದವಿದೆ. ಅದು ಫಲಕದಲ್ಲಿ ಏಕಿಲ್ಲ? 1950ರ ದಶಕದ ಯಂತ್ರಗಳಲ್ಲಿ ಬಟ್ಟೆಯನ್ನು ಎರಡು ಉರುಳೆಗಳ ನಡುವೆ ತೂರಿಸಿ ಕೈಯಿಂದ ಹಿಡಿಕೆ ತಿರುಗಿಸಬೇಕಿತ್ತು. ಆ ಭಾಗದ ಹೆಸರು ‘ಶಿಬೊರು’ವಿನಿಂದಲೇ ಬಂದಿತ್ತು. 1960ರ ದಶಕದಲ್ಲಿ ಎರಡು ತೊಟ್ಟಿಗಳ ಯಂತ್ರ ಬಂದು, ವೇಗವಾಗಿ ಸುತ್ತುವ ತೊಟ್ಟಿ ಆ ಕೆಲಸವನ್ನು ವಹಿಸಿಕೊಂಡಿತು. ಕೈಯ ಕೆಲಸ ಹೋದೆಡೆ ಕೈಯ ಕ್ರಿಯಾಪದವೂ ಸರಿದು, ಶಾಸ್ತ್ರೀಯ ಸಮಾಸ ನೆಲೆನಿಂತಿತೆಂದು ನಾವು ಊಹಿಸುತ್ತೇವೆ.

ಇದರೊಡನೆ ನೇಕಾರರ ಊರಾದ ಮಹಾಲಿಂಗಪುರದ ನುಡಿಯನ್ನು ಹೋಲಿಸಬಹುದು. ಉತ್ತರ ಕರ್ನಾಟಕದ ಇತರೆಡೆಗಳಂತೆ ಇಲ್ಲಿಯೂ ‘ಅರಬಿ ಒಗಿ’ ಎಂದರೆ ಬಟ್ಟೆ ತೊಳೆ. ‘ಕಲ್ಲ ಒಗಿ’ ಎಂದರೆ ಕಲ್ಲೆಸೆ. ಬಟ್ಟೆಯನ್ನು ಬೀಸಿ ಬಂಡೆಗೆ ಬಡಿಯುವ ಚಲನೆಯಲ್ಲಿ ಈ ಎರಡು ಅರ್ಥಗಳೂ ಕೂಡುತ್ತವೆ. ಯಂತ್ರದೊಳಗೆ ಬಂಡೆಯಿಲ್ಲ, ಬೀಸುವ ತೋಳಿಲ್ಲ. ಆದರೂ ಯಂತ್ರ ‘ಒಗೀತೈತಿ’. ‘ಹಿಂಡು’ವಿನ ಗತಿ ಬೇರೆ. ನಮ್ಮ ಮನೆಮಾತಿನಲ್ಲಿ ಎರಡನೆಯ ತೊಟ್ಟಿ ‘ಡ್ರೈಯರ್’ ಆಯಿತು. ಅದರಿಂದ ತೆಗೆದ ಬಟ್ಟೆ ಇನ್ನೂ ಹಸಿಯಾಗಿದ್ದು, ಹಗ್ಗಕ್ಕೆ ಹಾಕಿ ಒಣಗಿಸಬೇಕಾದರೂ ಹೆಸರು ಮಾತ್ರ ಅದೇ.

ಎರಡೂ ಭಾಷೆಗಳಲ್ಲಿ ಜಾರಿದ್ದು ಹಿಂಡುವ ಪದವೇ. ಆದರೆ ಜಪಾನಿಯಲ್ಲಿ ಅದರ ಸ್ಥಾನಕ್ಕೆ ಬಂದ ಪದ ಓದುಗರ ಲಿಪಿಯಲ್ಲಿದೆ. ಅದನ್ನು ನೋಡಿದವರಿಗೆ ‘ನೀರು’ ಎಂಬ ಅಕ್ಷರ ಕಾಣುತ್ತದೆ. ನಮ್ಮಲ್ಲಿ ಫಲಕವೇ ಇಂಗ್ಲಿಷಿನದು. ಇಂಗ್ಲಿಷ್ ಓದಲಾರದ ಮಹಾಲಿಂಗಪುರದ ಹೆಣ್ಣುಮಗಳು ಗುಂಡಿಗಳ ಸ್ಥಾನವನ್ನು ನೆನಪಿಟ್ಟು ಬಟ್ಟೆ ಒಗೆಯುತ್ತಾಳೆ. ಟೋಕಿಯೋಗೆ ಹೊಸದಾಗಿ ಹೋದ ಕನ್ನಡಿಗನ ಪಾಡೂ ಇದೇ. ಅವನಿರುವುದು ಪರದೇಶದಲ್ಲಿ, ಇವಳಿರುವುದು ತನ್ನ ಮನೆಯಲ್ಲಿ.

ಪದದ ಕೊರತೆ ಇದಕ್ಕೆ ಕಾರಣವೆನ್ನಲಾಗದು. ಆಕಳು ಹಿಂಡುವಲ್ಲಿ, ಲಿಂಬೆಹಣ್ಣು ಹಿಂಡುವಲ್ಲಿ ಆ ಕ್ರಿಯಾಪದ ಇಂದಿಗೂ ಬಳಕೆಯಲ್ಲಿದೆ. ಫಲಕಕ್ಕೆ ಬೇಕಾದ ‘ಒಗೆ’, ‘ಜಾಲಿಸು’, ‘ಹಿಂಡು’ ಎಂಬ ಮೂರೂ ಪದಗಳು ಕನ್ನಡದಲ್ಲಿ ಸಿದ್ಧವಾಗಿವೆ. ಅವುಗಳನ್ನು ಅಚ್ಚೊತ್ತುವುದಷ್ಟೇ ಬಾಕಿ.