ಕೊರಳ ಹವಳದಿಂದ ಗಾಜಿನ ತೊಟ್ಟಿಯ ಹವಳಕ್ಕೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಈ ಮೂರು ಊರುಗಳಲ್ಲಿ ಯಾವುದಕ್ಕೂ ಕಡಲ ದಂಡೆಯಿಲ್ಲ. ಆದರೂ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ಊರುಗಳಿಗೂ ಅರಬ್ಬಿ ಸಮುದ್ರದ ನಡುವಿನ ಹವಳದ ದ್ವೀಪಗಳಿಗೂ ಒಬ್ಬರೇ ಕಲೆಕ್ಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಟಿಪ್ಪುವಿನ ಅಧೀನದಲ್ಲಿದ್ದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮೀನ್‌ದೀವಿ ದ್ವೀಪಗಳು ಬ್ರಿಟಿಷರ ಕೈಸೇರಿದವು. ಅವುಗಳ ಆಡಳಿತ ಮಂಗಳೂರಿನಿಂದಲೇ ನಡೆಯಿತು. ಭತ್ತ ಬೆಳೆಯದ ಆ ದ್ವೀಪಗಳ ಜನ ತೆಂಗಿನ ನಾರಿನ ಹುರಿ ತಂದುಕೊಟ್ಟು ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ ಸೇರಿದ ದಿನವೇ, ದ್ವೀಪಗಳು ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಹೋದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಒಂದೇ ಜಿಲ್ಲೆಯಾಗಿದ್ದರೂ ಗಟ್ಟದ ಬುಡದ ಊರುಗಳಿಗೆ ಜೀವಂತ ಹವಳದ ಪರಿಚಯವಿರಲಿಲ್ಲ. ಇಲ್ಲಿನವರಿಗೆ ಹವಳವೆಂದರೆ ಕೊರಳಿನ ಸರ, ಉಂಗುರದ ಕಲ್ಲು. ಈಗ ಕಾಲ ಬದಲಾಗಿದೆ. ಬಣ್ಣದ ಮೀನಿನ ತೊಟ್ಟಿ ಪೇಟೆಯ ಮನೆಗಳಿಗೆ ಹೊಸತಲ್ಲ. ಅದರ ಮುಂದಿನ ಹೆಜ್ಜೆಯಾಗಿ ಗಾಜಿನೊಳಗೆ ಉಪ್ಪುನೀರು ತುಂಬಿ ಮೃದು ಹವಳ ಸಾಕುವ ಆಸೆ ಹವ್ಯಾಸಿಗಳಲ್ಲಿ ಮೂಡಿದೆ. ಸಮುದ್ರದಿಂದ ದೂರದ ಮನೆಯಲ್ಲಿ ಇದು ಸಾಧ್ಯವೇ? ಸಾಧ್ಯವಾದರೆ ಅದು ಸರಿಯೇ? ಎರಡೂ ಪ್ರಶ್ನೆಗಳಿಗೆ ಹವಳದ ಚರಿತ್ರೆಯಲ್ಲೇ ಉತ್ತರವಿದೆ.

ಕಲ್ಲೋ, ಗಿಡವೋ, ಪ್ರಾಣಿಯೋ?

ಸಂಸ್ಕೃತದ ಪ್ರವಾಳ ಹಳಗನ್ನಡದಲ್ಲಿ ಪವಳವಾಗಿ, ಮುಂದೆ ಹವಳವಾಯಿತು. ಹೆಸರು ನಮ್ಮದಾದರೂ ವಸ್ತು ಹೊರಗಿನದು. ಆಭರಣದ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಿಂದ ಬರುತ್ತಿತ್ತು. ಮೊದಲನೇ ಶತಮಾನದ ಗ್ರೀಕ್ ನಾವಿಕನೊಬ್ಬನ ಕೈಪಿಡಿ ‘ಪೆರಿಪ್ಲಸ್’, ಭಾರತದ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿಯುತ್ತಿದ್ದ ಸರಕುಗಳಲ್ಲಿ ಹವಳವನ್ನೂ ಹೆಸರಿಸುತ್ತದೆ. ರೋಮನ್ನರು ಮುತ್ತಿಗೆ ಕೊಡುವಷ್ಟೇ ಬೆಲೆಯನ್ನು ಭಾರತೀಯರು ಹವಳಕ್ಕೆ ಕೊಡುತ್ತಾರೆಂದು ಅದೇ ಶತಮಾನದ ಪ್ಲಿನಿ ಬರೆದಿದ್ದಾನೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದಲ್ಲಿ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಕೆತ್ತಿರುವುದನ್ನು ನೋಡಿದರೆ, ಈ ಒಳನಾಡಿನ ಪೇಟೆಗೆ ಕಡಲಾಚೆಯ ಸುದ್ದಿ ಎಷ್ಟು ತಲುಪುತ್ತಿತ್ತೆಂಬುದು ತಿಳಿಯುತ್ತದೆ.

ಇಷ್ಟೆಲ್ಲ ವ್ಯಾಪಾರ ನಡೆದರೂ ಹವಳ ಏನೆಂಬುದು ಮಾತ್ರ ಯಾರಿಗೂ ಸ್ಪಷ್ಟವಿರಲಿಲ್ಲ. ನೀರಿನಲ್ಲಿ ಗಿಡದಂತೆ ಕವಲೊಡೆಯುತ್ತದೆ, ಹೊರತೆಗೆದರೆ ಕಲ್ಲು. 1706ರಲ್ಲಿ ಇಟಲಿಯ ಮಾರ್ಸಿಲಿ, ಸಮುದ್ರದ ನೀರಿನಲ್ಲಿಟ್ಟ ಹವಳದ ಕೊಂಬೆಯಲ್ಲಿ ಬಿಳಿ ‘ಹೂವು’ ಅರಳುವುದನ್ನು ಕಂಡು ಅದು ಗಿಡವೇ ಎಂದು ಸಾರಿದ. ಮುಂದಿನ ಎರಡು ದಶಕಗಳೊಳಗೆ ಮಾರ್ಸೆಲ್ಸ್‌ನ ವೈದ್ಯ ಪೇಸೊನೆಲ್ ಅದೇ ಹೂವುಗಳನ್ನು ಪರೀಕ್ಷಿಸಿ, ಅವು ಹೂವುಗಳಲ್ಲ, ಪುಟ್ಟ ಪ್ರಾಣಿಗಳು ಎಂದ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇದನ್ನು ನಂಬಲಿಲ್ಲ. ಸಭೆಯ ಮುಂದೆ ವಿಷಯವನ್ನಿಟ್ಟ ರಿಯಾಮುರ್, ನಗೆಪಾಟಲಾದೀತೆಂದು ಪೇಸೊನೆಲ್‌ನ ಹೆಸರನ್ನೇ ಹೇಳಲಿಲ್ಲ. ಅವನ ಮಾತಿಗೆ ಮನ್ನಣೆ ಸಿಗಲು 1740ರ ದಶಕ ಬರಬೇಕಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಕೆಂಪು ಹವಳದ ಆ ಪುಟ್ಟ ಪ್ರಾಣಿಗೆ ಎಂಟು ಕರಬಳ್ಳಿಗಳು. ಇಂದು ಅಕ್ವೇರಿಯಂಗಳಲ್ಲಿ ಸಾಕುವ ಮೃದು ಹವಳಗಳೂ ಇದೇ ಎಂಟು ಕರಬಳ್ಳಿಗಳ ಕುಲಕ್ಕೆ ಸೇರಿದವು. ಕೆಂಪು ಹವಳಕ್ಕೆ ಒಳಗೆ ಗಟ್ಟಿ ಕಾಂಡವಿದೆ. ಮೃದು ಹವಳಕ್ಕೆ ಅದಿಲ್ಲ, ಮಾಂಸಲ ದೇಹದೊಳಗೆ ಸುಣ್ಣದ ಸಣ್ಣ ಸಣ್ಣ ಚೂರುಗಳಷ್ಟೇ ಇರುತ್ತವೆ. ಅಂದರೆ ಅಜ್ಜಿಯ ಕೊರಳ ಹವಳಕ್ಕೂ ಮೊಮ್ಮಗನ ತೊಟ್ಟಿಯ ಹವಳಕ್ಕೂ ಹತ್ತಿರದ ನಂಟಸ್ತಿಕೆ.

ಗಾಜಿನೊಳಗಿನ ಸಮುದ್ರ

ಹವಳವನ್ನು ಜೀವಂತವಾಗಿ ಮನೆಗೆ ತಂದು ವರ್ಷಗಟ್ಟಲೆ ಉಳಿಸಿಕೊಂಡವರಲ್ಲಿ ಮೊದಲಿಗಳು ಆನಾ ಥಿನ್ ಎಂಬ ಇಂಗ್ಲಿಷ್ ಗೃಹಿಣಿ. 1846ರಲ್ಲಿ ಟಾರ್ಕೀ ಎಂಬಲ್ಲಿ ಸಮುದ್ರತೀರದಲ್ಲಿ ಸಿಕ್ಕ ಹವಳಗಳನ್ನು ಜಾಡಿಯಲ್ಲಿ ಲಂಡನ್ನಿಗೆ ತಂದಳು. ನೀರು ಕೆಡದಂತೆ ಕೆಲಸದವಳು ತೆರೆದ ಕಿಟಕಿಯ ಬಳಿ ನಿಂತು ಅದನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯುತ್ತಿದ್ದಳು, ನಮ್ಮಲ್ಲಿ ಕಾಫಿ ಆರಿಸುವ ಹಾಗೆ. ಮರುವರ್ಷ ಸಮುದ್ರದ ಪಾಚಿಯನ್ನೂ ಜೊತೆಗಿಟ್ಟಾಗ ಕೆಲಸ ಹಗುರವಾಯಿತು. ಪಾಚಿ ಆಮ್ಲಜನಕ ಕೊಡುತ್ತದೆ, ಪ್ರಾಣಿಯ ಕಶ್ಮಲವನ್ನು ಹೀರುತ್ತದೆ. ಇಂದಿನ ಎಲ್ಲ ತೊಟ್ಟಿಗಳ ತಳಹದಿ ಈ ಸಮತೋಲವೇ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು. ಅದರ ಬೆನ್ನಿಗೇ ಹುಚ್ಚು ಹಿಡಿಯಿತು. ಜನ ಬಕೆಟ್ಟು ಹಿಡಿದು ಕಡಲತಡಿಗೆ ನುಗ್ಗಿ ಬಂಡೆಗಳ ನಡುವಿನ ಹೊಂಡಗಳನ್ನು ಬರಿದು ಮಾಡಿದರು. ತನ್ನ ತಂದೆಯ ಪುಸ್ತಕಗಳೇ ಆ ತೀರಗಳ ನಾಶಕ್ಕೆ ದಾರಿಯಾದವೆಂದು ಗಾಸ್‌ನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಮರುಗಿದ್ದಾನೆ. ಅಕ್ವೇರಿಯಂ ಹವ್ಯಾಸದ ಚರಿತ್ರೆಯಲ್ಲಿ ಈ ಅಧ್ಯಾಯವನ್ನು ಮರೆಯುವಂತಿಲ್ಲ.

ಉಷ್ಣವಲಯದ ಹವಳಗಳನ್ನು ಸಾಕುವ ಗುಟ್ಟು ಗೊತ್ತಾದದ್ದು ಇನ್ನೂ ತಡವಾಗಿ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬ ಹವ್ಯಾಸಿ ತನ್ನ ಸರಳ ವಿಧಾನವನ್ನು ಜಗತ್ತಿಗೆ ತಿಳಿಸಿದ. ಸಮುದ್ರದ ನೀರು, ಜೀವಾಣುಗಳು ನೆಲೆಸಿದ ಕಲ್ಲು, ಬಿಸಿಲು, ಸಣ್ಣಗೆ ಗಾಳಿಯ ಗುಳ್ಳೆ, ಇಷ್ಟೇ. ದುಬಾರಿ ಶೋಧಕ ಯಂತ್ರಗಳ ಕೆಲಸವನ್ನು ಕಲ್ಲಿನೊಳಗಿನ ಬ್ಯಾಕ್ಟೀರಿಯಾಗಳೇ ಮಾಡುತ್ತಿದ್ದವು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಇದಕ್ಕೆ ಪ್ರಖರ ದೀಪವನ್ನೂ ನೊರೆಯ ಮೂಲಕ ಕಶ್ಮಲ ತೆಗೆಯುವ ಸಾಧನವನ್ನೂ ಸೇರಿಸಿದರು. ಅವರಲ್ಲಿ ಒಬ್ಬರಾದ ಡೀಟ್ರಿಶ್ ಸ್ಟೂಬರ್ ತಮ್ಮ ತೊಟ್ಟಿಯಲ್ಲಿ ಬೆಳೆದ ಹವಳವನ್ನು ಚೂರು ಮಾಡಿ ಇತರರಿಗೆ ಹಂಚಿದರು. ಆ ಚೂರುಗಳಿಂದ ಮತ್ತೆ ಚೂರುಗಳಾಗಿ ಅದು ನೂರಾರು ಮನೆ ಸೇರಿತು. ಸಮುದ್ರಕ್ಕೆ ಕೈಹಾಕದೆಯೂ ಹವಳ ಸಾಕಬಹುದೆಂಬುದು ಹೀಗೆ ರುಜುವಾತಾಯಿತು.

ಬಂಟ್ವಾಳದ ಮನೆಯಲ್ಲಿ

ಹೊಸಬರು ಮೃದು ಹವಳದಿಂದಲೇ ಏಕೆ ತೊಡಗಬೇಕು? ಗಟ್ಟಿ ಹವಳ ಸದಾ ಕಲ್ಲು ಕಟ್ಟುತ್ತಿರಬೇಕು. ಅದಕ್ಕೆ ನೀರಿನಲ್ಲಿ ಕ್ಯಾಲ್ಸಿಯಂ ಅಳತೆ ತಪ್ಪುವಂತಿಲ್ಲ, ಬೆಳಕೂ ತೀಕ್ಷ್ಣವಾಗಿರಬೇಕು. ಸಾರ್ಕೋಫೈಟನ್, ಸಿನುಲೇರಿಯಾದಂತಹ ಮೃದು ಹವಳಗಳಿಗೆ ಆ ಗೊಡವೆ ಕಡಿಮೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ಬಿಡಾರ ಹೂಡಿರುತ್ತವೆ. ಬೆಳಕಿನಿಂದ ಪಾಚಿ ತಯಾರಿಸುವ ಸಕ್ಕರೆಯೇ ಹವಳಕ್ಕೂ ಆಹಾರವಾಗುವುದರಿಂದ ದಿನಾ ಉಣಿಸಬೇಕಾಗಿಲ್ಲ.

ನೂರು ಲೀಟರಿನ ತೊಟ್ಟಿ ಚಿಕ್ಕದರಲ್ಲಿ ಒಳ್ಳೆಯ ಅಳತೆ. ತೀರಾ ಪುಟ್ಟ ತೊಟ್ಟಿ ಸುಲಭವೆಂದು ತೋರಿದರೂ ಅದರಲ್ಲಿ ಉಪ್ಪು, ಉಷ್ಣತೆ ಬೇಗ ಏರುಪೇರಾಗುತ್ತವೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಆದ್ದರಿಂದ ನೂರು ಲೀಟರಿಗೆ ಸುಮಾರು ಮೂರೂವರೆ ಕಿಲೋ ಲವಣ ಬೇಕು. ಅಡುಗೆ ಉಪ್ಪು ಇಲ್ಲಿ ಉಪಯೋಗಕ್ಕಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟದಂತಹ ಉಪ್ಪಿನಾಗರಗಳಲ್ಲಿ ಹರಳುಗಟ್ಟಿದ ಉಪ್ಪನ್ನು ತೆಗೆದುಕೊಂಡು, ಮೆಗ್ನೀಸಿಯಂ ಇರುವ ಕಹಿ ನೀರನ್ನು ಬಿಟ್ಟುಬಿಡುತ್ತಾರೆ. ಹವಳಕ್ಕೆ ಬಿಟ್ಟದ್ದೂ ಬೇಕು. ಅದಕ್ಕೆಂದೇ ತಯಾರಿಸಿದ ಲವಣ ಮಿಶ್ರಣವನ್ನು ಶುದ್ಧೀಕರಿಸಿದ ನೀರಿನಲ್ಲಿ ಕದಡಬೇಕು.

ತೊಟ್ಟಿ ತುಂಬಿದ ದಿನವೇ ಹವಳ ಇಳಿಸಿದರೆ ಅದು ಸಾಯುತ್ತದೆ. ಕಶ್ಮಲದಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ಒಂದು ಕಲ್ಲು ಸಿಕ್ಕರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಆಗುತ್ತದೆ. ಅಂಗಳದಲ್ಲಿ ಬಿದ್ದ ಮುರಕಲ್ಲು ಇದಕ್ಕೆ ಒದಗದು, ಅದು ಸುಣ್ಣದ ಕಲ್ಲಲ್ಲ, ಕಬ್ಬಿಣದ ಅಂಶ ತುಂಬಿದ ಕಲ್ಲು. ಅಕ್ವೇರಿಯಂಗಾಗಿ ತಯಾರಿಸಿದ ರಂಧ್ರಗಳುಳ್ಳ ಪಿಂಗಾಣಿ ಕಲ್ಲು ಸೂಕ್ತ.

ಆಮೇಲಿನ ಕೆಲಸ ಹೆಚ್ಚಿಲ್ಲ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಬೇಕು. ಆವಿಯಾಗಿ ಇಳಿದ ನೀರಿಗೆ ಸಿಹಿನೀರನ್ನೇ ಸೇರಿಸಬೇಕು, ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿದಿರುತ್ತದೆ. ಈ ಸೀಮೆಯಲ್ಲಿ ದೊಡ್ಡ ಶತ್ರು ಸೆಕೆ. ತೊಟ್ಟಿಯ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬಂಟ್ವಾಳದ ಹಗಲು ಅದನ್ನು ಎಷ್ಟೋ ದಾಟುತ್ತದೆ. ಫ್ಯಾನಿನ ಗಾಳಿಯಿಂದ ನೀರು ತಣಿಯುತ್ತದಾದರೂ, ಗಾಳಿಯಲ್ಲೇ ತೇವ ತುಂಬಿರುವ ಕರಾವಳಿಯಲ್ಲಿ ಅದರ ಪ್ರಯೋಜನ ಕಡಿಮೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿಯ ಗಾಳಿಪಂಪು ಸಿದ್ಧವಿರಬೇಕು. ಇನ್ನೊಂದು ಎಚ್ಚರಿಕೆ. ಮೃದು ಹವಳದ ಜೊತೆಗೆ ಮಾರುವ, ಗುಂಡಿಯಾಕಾರದ ಝೋವಾಂತಿಡ್‌ಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಅವುಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಅವು ಅಂಟಿದ ಕಲ್ಲನ್ನು ಎಂದಿಗೂ ಕುದಿಸಬಾರದು. ಹಬೆಯೇ ಪ್ರಾಣಕ್ಕೆ ಮುಳುವಾಗಬಲ್ಲದು.

ತರುವುದು ಎಲ್ಲಿಂದ?

ಸಾಧ್ಯವೇ ಎಂಬುದಕ್ಕೆ ಉತ್ತರ ಸಿಕ್ಕಿತು. ಸರಿಯೇ ಎಂಬುದು ಹವಳ ಎಲ್ಲಿಂದ ಬಂತೆಂಬುದರ ಮೇಲೆ ನಿಂತಿದೆ. 2001ರಲ್ಲಿ ಕೇಂದ್ರ ಸರ್ಕಾರ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕೊಳಲು ಹವಳ, ಕಡಲ ಬೀಸಣಿಗೆ ಈ ಐದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿ, ಆನೆಗಳಿಗಿದ್ದ ರಕ್ಷಣೆಯೇ ಅವಕ್ಕೂ ಬಂತು. ಮೃದು ಹವಳ ಅಂದಿನ ಪಟ್ಟಿಯಲ್ಲಿರಲಿಲ್ಲ ನಿಜ. ಆದರೆ ಅದು ಬೇರೂರಿರುವುದು ಹೆಚ್ಚಾಗಿ ಗಟ್ಟಿ ಹವಳದ ಕಲ್ಲಿನ ಮೇಲೆ. ಕಲ್ಲು ಸಮೇತ ಕಿತ್ತರೆ ಅಪರಾಧವಾಗುತ್ತದೆ. ಆದ್ದರಿಂದ ಮಾರುವವರ ಬಳಿ ದಾಖಲೆಪತ್ರ ಕೇಳದೆ ಕೊಳ್ಳುವುದು ಕ್ಷೇಮವಲ್ಲ.

ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಮಂಗಳೂರಿನ ಎದುರಿನ ಸಮುದ್ರದಲ್ಲಿ ಹವಳದ ದಿಬ್ಬಗಳಿಲ್ಲ. ಬೆಳ್ತಂಗಡಿ, ಬಂಟ್ವಾಳಗಳ ಮೂಲಕ ಇಳಿಯುವ ನೇತ್ರಾವತಿಯಂತಹ ನದಿಗಳು ಮಳೆಗಾಲದಲ್ಲಿ ತರುವ ಕೆಂಪು ನೀರು ಉಪ್ಪನ್ನು ತಗ್ಗಿಸುತ್ತದೆ, ಬೆಳಕನ್ನು ಮರೆಮಾಡುತ್ತದೆ. ಕರ್ನಾಟಕದಲ್ಲಿ ಹವಳ ನೋಡಬೇಕಾದರೆ ಭಟ್ಕಳ ಕಡೆಯ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಲಕ್ಷದ್ವೀಪದ ಹವಳವೋ 1998, 2010, 2016, 2024ರಲ್ಲಿ ಸಮುದ್ರ ಬಿಸಿಯೇರಿದಾಗ ಮೈಯೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿತು, ಅಪಾರವಾಗಿ ಸತ್ತಿತು. ಏಪ್ರಿಲ್ ತಿಂಗಳ ಮನೆತೊಟ್ಟಿಯಲ್ಲಿ ಹವ್ಯಾಸಿ ಯಾವುದಕ್ಕೆ ಹೆದರುತ್ತಾನೋ ಅದೇ ಅಲ್ಲಿ ಸಮುದ್ರದಲ್ಲೇ ಆಗುತ್ತಿದೆ. ಹಾಗೆ ಸೊರಗಿದ ದಿಬ್ಬದಿಂದ ಅಲಂಕಾರಕ್ಕೆಂದು ಒಂದು ತುಂಡನ್ನೂ ಕೀಳುವಂತಿಲ್ಲ.

ಜಲಚರಗಳನ್ನು ಅವುಗಳ ಎಡೆಯಲ್ಲೇ ಬಿಟ್ಟು ಸಾಕುವ ಕ್ರಮ ಈ ಸೀಮೆಗೆ ಹೊಸತಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಬದಿಯ ಕಪಿಲಾ ನದಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಅವು ದೇವರ ಮೀನುಗಳು. ಭಕ್ತರು ಅಕ್ಕಿ, ಹುರುಳಿ ಹಾಕಿ ನೋಡಿ ಸಂತೋಷಪಡುತ್ತಾರೆ. 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿ ರಾಶಿ ರಾಶಿ ಮೀನು ಸತ್ತಾಗ ಊರವರು ಅವುಗಳಿಗಾಗಿ ಸ್ಮಾರಕವನ್ನೇ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಸೀಮೆಗೆ ಹವಳದ ಸಂಗತಿ ಅರ್ಥವಾಗದೆ ಇರಲಾರದು.

ಹಾಗಾದರೆ ತೊಟ್ಟಿಯ ಆಸೆ ಬಿಡಬೇಕೇ? ಬೇಕಾಗಿಲ್ಲ. ಮೃದು ಹವಳದ ಒಂದು ಕವಲನ್ನು ಹರಿತ ಅಲಗಿನಿಂದ ಕತ್ತರಿಸಿ ಕಲ್ಲಿಗೆ ಕಟ್ಟಿಟ್ಟರೆ ಕೆಲವೇ ವಾರಗಳಲ್ಲಿ ಅದು ಅಂಟಿಕೊಂಡು ಹೊಸ ಹವಳವಾಗಿ ಬೆಳೆಯುತ್ತದೆ. ತಾಯಿ ಹವಳದ ಗಾಯವೂ ಮಾಯುತ್ತದೆ. ದಾಸವಾಳದ ಗೆಲ್ಲು, ಮಲ್ಲಿಗೆಯ ಬಳ್ಳಿಯನ್ನು ನೆರೆಮನೆಯಿಂದ ಕೇಳಿ ತಂದು ನೆಡುವ ರೂಢಿ ಇಲ್ಲಿನ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಬರ್ಲಿನ್ನಿನವರು ಹವಳದಲ್ಲಿ ಮಾಡಿದ್ದೂ ಅದನ್ನೇ. ಮಂಗಳೂರಿನ ಹಳೆ ಬಂದರಿನಿಂದ ಈಗಲೂ ಲಕ್ಷದ್ವೀಪಕ್ಕೆ ದಿನಸಿ, ತರಕಾರಿ ಹೊತ್ತ ಮಂಜಿಗಳು ಹೋಗುತ್ತವೆ. ಮರಳಿ ಬರುವ ಮಂಜಿಯಲ್ಲಿ ಹವಳ ಬರಬೇಕಾಗಿಲ್ಲ. ಸಾಕುವ ಆಸೆಯಿದ್ದವರಿಗೆ ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದ ಒಂದು ಗೆಲ್ಲು ಸಾಕು.