ಸಾಕು ಬೆಕ್ಕು ಕಾಳಿನ ರಾಶಿ, ಕೌದಿ, ಮಗ್ಗದ ಕುಣಿಯಲ್ಲಿ ಮೂತ್ರ ಮಾಡುತ್ತಿದ್ದರೆ: ಕಾರಣಗಳು ಮತ್ತು ನಿರ್ವಹಣೆ

ಮಲಪ್ರಭೆಯ ದಂಡೆಯ ಐಹೊಳೆ ಹಾಗೂ ಸುತ್ತಲಿನ ಹುನಗುಂದ, ಬಾದಾಮಿ, ಇಳಕಲ್ ತಾಲ್ಲೂಕುಗಳ ರೈತ ಕುಟುಂಬಗಳು ಬೆಕ್ಕನ್ನು ಸಾಕುವುದು ಮುಖ್ಯವಾಗಿ ಇಲಿಗಳ ಹಾವಳಿ ತಡೆಯಲು. ಕಡಲೆ ಮತ್ತು ಹಿಂಗಾರಿ ಬಿಳಿಜೋಳ ಕಣದಿಂದ ಮನೆ ಸೇರುವ ದಿನಗಳಲ್ಲಿ ಬೆಕ್ಕಿಲ್ಲದ ಮನೆಯ ಚೀಲಗಳು ಹೆಚ್ಚು ದಿನ ಸುರಕ್ಷಿತವಾಗಿ ಉಳಿಯುವುದಿಲ್ಲ. ಅದೇ ಬೆಕ್ಕು ಜೋಳದ ರಾಶಿಯನ್ನು ಕೆದರಿ ಮೂತ್ರ ಮಾಡತೊಡಗಿದರೆ ಅಥವಾ ಪಡಸಾಲೆಯ ಕೌದಿಯನ್ನು ಕೆಡಿಸಿದರೆ ಮನೆಯವರ ಸಹನೆ ಮೀರುವುದು ಸಹಜ. ಅದನ್ನು ಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುವುದು ಹಲವರಿಗೆ ತೋಚುವ ಮೊದಲ ಉಪಾಯ. ಇದರಿಂದ ಇಲಿಗಳು ಮರಳುತ್ತವೆ, ಕಾರಣವೂ ಹಾಗೆಯೇ ಉಳಿದು ಮುಂದೆ ತರುವ ಬೆಕ್ಕೂ ಅದನ್ನೇ ಮಾಡುತ್ತದೆ. ಸಾಕುಪ್ರಾಣಿಯು ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಬರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಬೆಕ್ಕು ಹಗೆ ಸಾಧಿಸಲು ಹೀಗೆ ಮಾಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅದಕ್ಕೆ ಕಾಯಿಲೆ ಇರಬಹುದು, ಕೆದರಲು ಯೋಗ್ಯವಾದ ಸ್ಥಳ ಇಲ್ಲದಿರಬಹುದು, ಇಲ್ಲವೇ ಅದು ತನ್ನ ಗಡಿಯನ್ನು ಗುರುತಿಸುತ್ತಿರಬಹುದು. ಈ ಮೂರನ್ನೂ ಇದೇ ಕ್ರಮದಲ್ಲಿ ಪರಿಶೀಲಿಸಬೇಕು. ಕ್ರಮ ತಪ್ಪಿದರೆ ಬೆಕ್ಕಿನ ಜೀವಕ್ಕೇ ಅಪಾಯವಾಗುವ ಸಂದರ್ಭವೊಂದಿದೆ. ಆದ್ದರಿಂದ ಅದನ್ನೇ ಮೊದಲು ವಿವರಿಸಲಾಗಿದೆ.

ಮೂತ್ರ ಕಟ್ಟಿಕೊಂಡ ಗಂಡು ಬೆಕ್ಕು

ನಿಮ್ಮ ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕುತ್ತಿದ್ದು, ಹನಿಯಷ್ಟೇ ಮೂತ್ರ ಬರುತ್ತಿದ್ದರೆ ಅಥವಾ ಏನೂ ಬಾರದೆ ನರಳುತ್ತ ಜನನಾಂಗವನ್ನು ನೆಕ್ಕಿಕೊಳ್ಳುತ್ತಿದ್ದರೆ ಇದು ತುರ್ತುಸ್ಥಿತಿ. ಗಂಡು ಬೆಕ್ಕಿನ ಮೂತ್ರನಾಳವು ತುದಿಯಲ್ಲಿ ಬಹಳ ಕಿರಿದಾಗಿರುತ್ತದೆ. ಮೂತ್ರದಲ್ಲಿನ ಹರಳುಗಳು ಲೋಳೆಯೊಂದಿಗೆ ಸೇರಿ ಬಿರಡೆಯಂತೆ ಅದನ್ನು ಮುಚ್ಚುತ್ತವೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ಬಡಿತ ಕೆಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನಗಳಲ್ಲಿ ಬೆಕ್ಕು ಸಾಯುತ್ತದೆ. ಹಲವರು ಇದನ್ನು ಮಲಬದ್ಧತೆ ಎಂದು ತಿಳಿದು ಹರಳೆಣ್ಣೆ ಕುಡಿಸಿ ಕಾಯುತ್ತಾರೆ. ಹಾಗೆ ಕಾಯುವುದು ಬೆಕ್ಕಿನ ಜೀವಕ್ಕೇ ಅಪಾಯ. ಹೊಟ್ಟೆಯ ಹಿಂಭಾಗದಲ್ಲಿ ಗಟ್ಟಿ ಉಂಡೆಯಂತೆ ತುಂಬಿದ ಮೂತ್ರಕೋಶ ಕೈಗೆ ಸಿಗಬಹುದು. ಅದನ್ನು ಒತ್ತಬಾರದು, ಒಡೆಯುವ ಅಪಾಯವಿದೆ.

ಕೂಡಲೇ 1962 ಪಶು ಸಹಾಯವಾಣಿಗೆ ಕರೆ ಮಾಡಿ ಅಥವಾ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಬೆಕ್ಕಿನ ಮೂತ್ರನಾಳಕ್ಕೆ ಹೊಂದುವ ಸಣ್ಣ ನಳಿಕೆ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿದರೆ ಅಮೂಲ್ಯ ಗಂಟೆಗಳು ಉಳಿಯುತ್ತವೆ. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯಲ್ಲಿ ಈ ಸೌಲಭ್ಯ ಎಲ್ಲಿದೆ ಎಂಬುದನ್ನು ಮೊದಲೇ ತಿಳಿದಿಟ್ಟುಕೊಂಡಿರುವುದು ಒಳಿತು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದೇ ಮಾತ್ರೆ ಸಾವಿಗೆ ಸಾಕು.

ಮೂತ್ರದಲ್ಲಿ ರಕ್ತ ಕಂಡರೆ ಇನ್ನೊಂದು ಸಾಧ್ಯತೆಯನ್ನೂ ನೆನಪಿಡಬೇಕು. ಹೊಲದಲ್ಲಿ ಅಥವಾ ಉಗ್ರಾಣದಲ್ಲಿ ಬ್ರೋಮಾಡಿಯೋಲೋನ್ ಇಲಿಪಾಷಾಣ ಇಟ್ಟಿದ್ದು, ಅದನ್ನು ತಿಂದ ಇಲಿಯನ್ನು ಬೆಕ್ಕು ತಿಂದಿದ್ದರೆ ರಕ್ತ ಹೆಪ್ಪುಗಟ್ಟುವ ಗುಣ ಕುಂದುತ್ತದೆ. ವಸಡು ಬಿಳಿಚುವುದು, ಮೂಗಿನಲ್ಲಿ ಇಲ್ಲವೇ ಮೂತ್ರದಲ್ಲಿ ರಕ್ತ ಬರುವುದು ಇದರ ಲಕ್ಷಣ. ಯಾವ ಪಾಷಾಣ ಎಂಬುದನ್ನು ವೈದ್ಯರಿಗೆ ತಿಳಿಸಿದರೆ ವಿಟಮಿನ್ ಕೆ-1 ಚಿಕಿತ್ಸೆಯಿಂದ ಗುಣಪಡಿಸಬಹುದು. ಬೆಕ್ಕು ಸಾಕಿದ ಮನೆಯಲ್ಲಿ ಈ ಪಾಷಾಣವನ್ನು ಬಳಸದಿರುವುದೇ ಲೇಸು.

ವಯಸ್ಸಾದ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಮೂತ್ರಪಿಂಡದ ಕಾಯಿಲೆ ಅಥವಾ ಮಧುಮೇಹ ಇದೆಯೇ ಎಂದು ಪರೀಕ್ಷಿಸಬೇಕು. ಕೀಲುನೋವಿರುವ ಬೆಕ್ಕಿಗೆ ಎತ್ತರದ ಕಟ್ಟೆ ಇಳಿದು ಹಿತ್ತಲಿಗೆ ಹೋಗುವುದೂ ಕಷ್ಟವಾಗುತ್ತದೆ.

ನೀರು ಮತ್ತು ಆಹಾರ

ಸಾಕು ಬೆಕ್ಕಿನ ಪೂರ್ವಜ ಶುಷ್ಕ ಪ್ರದೇಶದ ಕಾಡುಬೆಕ್ಕು. ಆದ್ದರಿಂದ ಅದು ಸ್ವಭಾವತಃ ಕಡಿಮೆ ನೀರು ಕುಡಿದು ಮೂತ್ರವನ್ನು ಗಾಢಗೊಳಿಸುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಭಾಗದಲ್ಲಿ ಹರಳು ಕಟ್ಟುವ ಸಂಭವ ಹೆಚ್ಚು. ಅಗಲ ಬಾಯಿಯ ಮಣ್ಣಿನ ಪಾತ್ರೆಗಳಲ್ಲಿ ಎರಡು ಮೂರು ಕಡೆ, ಆಹಾರದಿಂದ ದೂರದಲ್ಲಿ ನೀರಿಡಿ, ದಿನವೂ ಬದಲಿಸಿ. ಹಾಲು ರೊಟ್ಟಿಯೊಂದೇ ಬೆಕ್ಕಿಗೆ ಪೂರ್ಣ ಆಹಾರವಲ್ಲ, ಅದಕ್ಕೆ ಪ್ರಾಣಿಜನ್ಯ ಪ್ರೋಟೀನ್ ಅವಶ್ಯ. ಉಪ್ಪು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೀನು, ಕೋಳಿ ಅಥವಾ ಮೊಟ್ಟೆಯನ್ನು ನೀರು ಬೆರೆಸಿ ಕೊಡಬಹುದು. ಉಳ್ಳಾಗಡ್ಡಿ ಬೆಕ್ಕಿನ ರಕ್ತಕಣಗಳನ್ನು ಒಡೆಯುವ ವಿಷ.

ಕೆದರಲು ಮಣ್ಣಿಲ್ಲದ ಮನೆ

ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಮನೆಯ ಸುತ್ತ ಒಮ್ಮೆ ನೋಡಿರಿ. ನಮ್ಮ ಹಳ್ಳಿಮನೆಗಳಲ್ಲಿ ಬೆಕ್ಕಿಗೆಂದು ಮರಳಿನ ತಟ್ಟೆ ಇಡುವ ರೂಢಿ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಹಿತ್ತಲಿನ ಸಡಿಲ ಮಣ್ಣು, ತಿಪ್ಪೆಯ ಅಂಚು, ಒಲೆಯ ಬೂದಿ ಅದಕ್ಕೆ ಸಾಕಾಗಿದ್ದವು. ಈಗ ಹಿತ್ತಲಿಗೆ ಸಿಮೆಂಟ್, ಬೀದಿಗೆ ಕಾಂಕ್ರೀಟ್, ಒಲೆಯ ಬದಲು ಗ್ಯಾಸ್ ಬಂದಿವೆ. ರಾತ್ರಿ ಹೊರಗೆ ಬೀದಿನಾಯಿಗಳ ಭಯ. ಇಂಥ ಮನೆಯಲ್ಲಿ ಕಾಲಿನಿಂದ ಕೆದರಿ ಮುಚ್ಚಲು ಬರುವ ಏಕೈಕ ವಸ್ತು ಹರಡಿಟ್ಟ ಕಾಳು. ಜೋಳದ ರಾಶಿ ಬೆಕ್ಕಿನ ಪಾದಕ್ಕೆ ಮರಳಿನಂತೆಯೇ ಇರುತ್ತದೆ. ಕುಣಿಮಗ್ಗವಿರುವ ಇಳಕಲ್, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಮಗ್ಗದ ಕುಣಿಯು ಕತ್ತಲೆ, ಮರೆ ಮತ್ತು ತಂಪು ಇರುವ ಜಾಗ. ಅಲ್ಲಿ ಮೂತ್ರ ತಗುಲಿದ ರೇಷ್ಮೆ ನೂಲಿನ ಬಣ್ಣ ಕೆಡಬಹುದಾದ್ದರಿಂದ ನಷ್ಟ ಸಣ್ಣದಲ್ಲ.

ಪರಿಹಾರ ದುಬಾರಿಯದಲ್ಲ. ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಉದ್ದವಿರುವ, ಒಂದು ಬದಿ ತಗ್ಗಾಗಿರುವ ಪ್ಲಾಸ್ಟಿಕ್ ತಟ್ಟೆ ಅಥವಾ ಕತ್ತರಿಸಿದ ಹಳೆಯ ಡಬ್ಬ ಸಾಕು. ಅದರಲ್ಲಿ 2ರಿಂದ 3 ಅಂಗುಲ ಆಳಕ್ಕೆ ಸೋಸಿದ ಸಣ್ಣ ಮರಳು ಅಥವಾ ಒಣ ಮಣ್ಣು ತುಂಬಿ. ಚೂಪು ಅಂಚಿನ ಯಂತ್ರಮರಳು ಪಾದಕ್ಕೆ ಚುಚ್ಚುತ್ತದೆ. ಬೂದಿಯೊಂದನ್ನೇ ಹಾಕಬೇಡಿ, ಒದ್ದೆಯಾದ ಕಟ್ಟಿಗೆಬೂದಿ ಕ್ಷಾರವಾಗಿ ಪಾದವನ್ನು ಉರಿಸುತ್ತದೆ. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಲಿ. ದಿನಕ್ಕೊಮ್ಮೆ ಗಡ್ಡೆಗಳನ್ನು ತೆಗೆದು, ವಾರಕ್ಕೊಮ್ಮೆ ಮರಳು ಬದಲಿಸಿ. ಗಬ್ಬು ನಾರುವ ತಟ್ಟೆಯನ್ನು ಬೆಕ್ಕು ತ್ಯಜಿಸುತ್ತದೆ.

ತಟ್ಟೆಯನ್ನು ಎಲ್ಲಿಡಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನಿಮಗೆ ಅನುಕೂಲವಾದ ಮೂಲೆಯಲ್ಲಲ್ಲ, ಬೆಕ್ಕು ಈಗ ಮೂತ್ರ ಮಾಡುತ್ತಿರುವ ಸ್ಥಳದಲ್ಲಿಯೇ ಮೊದಲು ಇಡಿ. ಅದು ತಪ್ಪದೆ ಬಳಸತೊಡಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಒಂದು ಗೇಣಿನಷ್ಟು ಸರಿಸುತ್ತ ಹಿತ್ತಲ ಬಾಗಿಲಿನತ್ತ ಒಯ್ಯಿರಿ. ಹಳೆಯ ಸ್ಥಳವನ್ನು ಸ್ವಚ್ಛಗೊಳಿಸಿ ಅಲ್ಲಿ ಅದರ ಊಟದ ತಟ್ಟೆ ಇಡಿ. ಉಣ್ಣುವ ಜಾಗದಲ್ಲಿ ಬೆಕ್ಕು ಸಾಮಾನ್ಯವಾಗಿ ಮೂತ್ರ ಮಾಡುವುದಿಲ್ಲ. ಹೊಡೆಯುವುದು, ಮೂಗನ್ನು ಮೂತ್ರಕ್ಕೆ ಉಜ್ಜುವುದು ನಿಷ್ಪ್ರಯೋಜಕ. ಬೆಕ್ಕು ನಿಮ್ಮ ಕಣ್ಣು ತಪ್ಪಿಸಿ ಮಾಡುವುದನ್ನಷ್ಟೇ ಕಲಿಯುತ್ತದೆ.

ಮರಿಗಳು ಮೂರು ನಾಲ್ಕು ವಾರದ ವಯಸ್ಸಿನಲ್ಲಿ ಕೆದರಿ ಮುಚ್ಚುವುದನ್ನು ರೂಢಿಸಿಕೊಳ್ಳುತ್ತವೆ. ಆಗ ಕಾಲಿಗೆ ಸಿಕ್ಕ ವಸ್ತುವನ್ನೇ ಮುಂದೆಯೂ ಹುಡುಕುವ ಪ್ರವೃತ್ತಿ ಅವುಗಳಿಗಿದೆ. ಆದ್ದರಿಂದ ತಾಯಿಬೆಕ್ಕು ಕಾಳಿನ ಕೋಣೆಯಲ್ಲಿ ಅಥವಾ ಹತ್ತಿಯ ರಾಶಿಯಲ್ಲಿ ಮರಿ ಹಾಕಿದ್ದರೆ ಮೂರನೆಯ ವಾರದೊಳಗೆ ಬೇರೆಡೆಗೆ ಸಾಗಿಸಿ, ಹತ್ತಿರದಲ್ಲಿ ತಗ್ಗಾದ ಮರಳಿನ ತಟ್ಟೆ ಇಡಿ.

ಗಡಿ ಗುರುತಿಸುವ ಬೆಕ್ಕು ಮತ್ತು ಮನೆ ಬದಲಾವಣೆ

ಬೆಕ್ಕು ಕುಳಿತುಕೊಳ್ಳದೆ, ನಿಂತು ಬಾಲವನ್ನು ನೆಟ್ಟಗೆ ಎತ್ತಿ ನಡುಗಿಸುತ್ತ ಗೋಡೆ, ಬಾಗಿಲ ಚೌಕಟ್ಟು ಅಥವಾ ಚೀಲದ ಬದಿಗೆ ಸಿಂಪಡಿಸಿದರೆ ಅದು ಗಡಿ ಗುರುತಿಸುವಿಕೆ. ಬೀಜ ತೆಗೆಯದ ಗಂಡುಗಳಲ್ಲಿ ಇದು ಸಾಮಾನ್ಯ, ವಾಸನೆಯೂ ತೀವ್ರ. ಐದಾರು ತಿಂಗಳ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತರಲ್ಲಿ ಒಂಬತ್ತು ಗಂಡುಗಳಲ್ಲಿ ಇದು ನಿಲ್ಲುತ್ತದೆ ಅಥವಾ ಮೂಡುವುದೇ ಇಲ್ಲ. ಬೀಜ ತೆಗೆದ ಬೆಕ್ಕು ಇಲಿ ಹಿಡಿಯುವುದನ್ನು ಬಿಡುತ್ತದೆಂಬ ಅಂಜಿಕೆ ಬೇಡ. ಅದು ಮನೆಬಿಟ್ಟು ಅಲೆಯುವುದು ಕಡಿಮೆಯಾಗುತ್ತದೆ, ಅಷ್ಟೇ.

ಮನೆ ಬದಲಾದಾಗಲೂ ಬೆಕ್ಕು ಹೀಗೆ ವರ್ತಿಸುತ್ತದೆ. 2009ರ ನೆರೆಯ ನಂತರ ಆಸರೆ ಮನೆಗಳಿಗೆ ಹೋದವರು, 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಮನೆ ಬಿಟ್ಟವರು ತಮ್ಮ ಬೆಕ್ಕುಗಳು ಹೊಸ ಜಾಗದಲ್ಲಿ ಹೇಗಿದ್ದವೆಂದು ನೆನಪಿಸಿಕೊಳ್ಳಬಹುದು. ಬೆಕ್ಕಿಗೆ ಮನುಷ್ಯರಷ್ಟೇ ಮನೆಯ ವಾಸನೆಯೂ ಮುಖ್ಯ. ಹೊಸ ಮನೆಯಲ್ಲಿ ಎರಡು ವಾರ ಒಂದೇ ಕೋಣೆಯಲ್ಲಿಡಿ. ಅದು ಮಲಗುತ್ತಿದ್ದ ಹಳೆಯ ಕೌದಿಯನ್ನು ಒಗೆಯದೆ ಹಾಸಿ, ಹಳೆಯ ಹಿತ್ತಲಿನ ಒಂದು ಬುಟ್ಟಿ ಮಣ್ಣನ್ನು ತಟ್ಟೆಗೆ ಬೆರೆಸಿ.

ಸ್ವಚ್ಛತೆ, ಕಾಳು ಮತ್ತು ಕುರಿಮೇವು

ವಾಸನೆ ಉಳಿದರೆ ಬೆಕ್ಕು ಅಲ್ಲಿಗೇ ಮರಳುತ್ತದೆ. ಫಿನಾಯಿಲ್ ಬಳಸಬೇಡಿ, ಅದು ಬೆಕ್ಕಿಗೆ ವಿಷಕಾರಿ. ಬ್ಲೀಚಿಂಗ್ ಪುಡಿಯು ಮೂತ್ರದ ಅಮೋನಿಯಾದೊಂದಿಗೆ ಸೇರಿ ಉಸಿರಿಗೆ ಹಾನಿಕರವಾದ ಅನಿಲ ಬಿಡುತ್ತದೆ. ಮೂತ್ರವನ್ನು ಬಟ್ಟೆಯಿಂದ ಒತ್ತಿ ಹೀರಿಸಿ, ಕಿಣ್ವಯುಕ್ತ ಬಟ್ಟೆ ಒಗೆಯುವ ಪುಡಿಯ ದ್ರಾವಣ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ನೀರಿನಿಂದ ತೊಳೆದು ಒಣಗಿಸಿ. ರೇಷ್ಮೆಯ ಮೇಲೆ ಮಾತ್ರ ಈ ಪುಡಿ ಬೇಡ, ಕಿಣ್ವವು ಎಳೆಯನ್ನೇ ತಿನ್ನುತ್ತದೆ. ಐಹೊಳೆ ಭಾಗದ ಮರಳುಗಲ್ಲಿನ ಹಾಸು ಮೂತ್ರವನ್ನು ಹೀರುವುದರಿಂದ ಎರಡು ಮೂರು ಬಾರಿ ತೊಳೆಯಬೇಕಾದೀತು. ಇಳಕಲ್‌ನ ಹೊಳಪುಗಲ್ಲು ಹೀರುವುದಿಲ್ಲ, ಅಲ್ಲಿ ವಾಸನೆ ಸಂದುಗಳಲ್ಲಿ ಅಡಗಿರುತ್ತದೆ. ಮಣ್ಣಿನ ನೆಲವಾದರೆ ಮೂರು ಅಂಗುಲ ಅಗೆದು ಹೊಸ ಮಣ್ಣು ತುಂಬಿ ಸಾರಿಸಿ.

ಮೂತ್ರ ತಗುಲಿದ ಕಾಳನ್ನು ಸುತ್ತಲಿನ ಒಂದು ಗೇಣಿನಷ್ಟು ಕಾಳಿನ ಸಹಿತ ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಉಳಿದದ್ದನ್ನು ಒಣಗಿಸಿ, ತೇವಾಂಶ ಶೇ. 12ಕ್ಕಿಂತ ಕಡಿಮೆಯಾದ ಮೇಲೆ ಚೀಲ ತುಂಬಿ ಹಲಗೆಯ ಮೇಲೆ ಜೋಡಿಸಿ. ಹರಡಲೇಬೇಕಾದಾಗ ರಾತ್ರಿ ತಾಡಪಾಲು ಬಿಗಿಯಾಗಿ ಹೊದಿಸಿ.

ಮೂತ್ರಕ್ಕಿಂತ ಮಲ ಹೆಚ್ಚು ಅಪಾಯಕಾರಿ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ತತ್ತಿಗಳು ಬೆಕ್ಕಿನ ಮಲದಲ್ಲಿ ಹೊರಬಂದು ಒಂದರಿಂದ ಐದು ದಿನಗಳಲ್ಲಿ ಸೋಂಕು ಹರಡುವ ಸ್ಥಿತಿಗೆ ಬರುತ್ತವೆ. ಅವು ಬೆರೆತ ಹೊಟ್ಟು ಅಥವಾ ಹಿಂಡಿ ತಿಂದ ಗಬ್ಬದ ಕುರಿ, ಆಡುಗಳಲ್ಲಿ ಗರ್ಭಪಾತವಾಗಬಹುದು. ಅಮೀನಗಡದ ಸಂತೆಗೆಂದು ಕುರಿ ಸಾಕುವವರು ಮೇವಿನ ಕೋಣೆಗೆ ಬೆಕ್ಕು, ವಿಶೇಷವಾಗಿ ಎಳೆಯ ಬೆಕ್ಕು, ಹೋಗದಂತೆ ಬಾಗಿಲು ಹಾಕಿಡಬೇಕು. ಮರಳಿನ ತಟ್ಟೆಯನ್ನು ಪ್ರತಿದಿನ ಸ್ವಚ್ಛಗೊಳಿಸಬೇಕೆನ್ನುವುದಕ್ಕೆ ಇದೂ ಕಾರಣ. ಮನೆಯಲ್ಲಿ ಗರ್ಭಿಣಿಯರಿದ್ದರೆ ಆ ಕೆಲಸವನ್ನು ಬೇರೆಯವರು ಮಾಡಿ, ನಂತರ ಸಾಬೂನಿನಿಂದ ಕೈ ತೊಳೆದುಕೊಳ್ಳಬೇಕು.