ಮೇಲ್ ತೆರೆದರೆ ಮುಚ್ಚಿಕೊಳ್ಳುತ್ತಿತ್ತು: ಒಂದೇ ಫೈಲಿನಲ್ಲಿ ತುಂಬಿಟ್ಟ ಪತ್ರಗಳ ಕಥೆ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಂಪ್ಯೂಟರ್ ಬಳಸಿದವರಿಗೆ ಒಂದು ಪುಟ್ಟ ಕಿಟಕಿ ನೆನಪಿರಬಹುದು. ಈ ಪ್ರೋಗ್ರಾಂಗೆ ಏನೋ ತೊಂದರೆಯಾಗಿದೆ, ಮುಚ್ಚಬೇಕಾಗಿದೆ, ಅನನುಕೂಲಕ್ಕೆ ಕ್ಷಮೆ ಇರಲಿ ಅನ್ನುವ ಅರ್ಥದ ಇಂಗ್ಲಿಷ್ ಸಾಲು. ಕೆಳಗೆ ಎರಡು ಬಟನ್. ವರದಿ ಕಳಿಸು, ಇಲ್ಲವೇ ಕಳಿಸಬೇಡ. ಬಹಳ ಜನ ‘ಕಳಿಸಬೇಡ’ ಒತ್ತುತ್ತಿದ್ದರು, ಮತ್ತೆ ತೆರೆಯುತ್ತಿದ್ದರು, ಮತ್ತೆ ಅದೇ ಕಿಟಕಿ. ಆಟದ ಪ್ರೋಗ್ರಾಂ ಹೀಗೆ ಮಾಡಿದರೆ ಬೈದು ಸುಮ್ಮನಾಗಬಹುದು. ಇಮೇಲ್ ಪ್ರೋಗ್ರಾಂ ಮಾಡಿದರೆ? ಅದರೊಳಗೆ ಪತ್ರಗಳಿದ್ದವಲ್ಲ. ಬೇರೆಲ್ಲೂ ನಕಲಿಲ್ಲದ ಪತ್ರಗಳು.

ಇವತ್ತಿನ ಸಂಚಿಕೆ ಅದರ ಬಗ್ಗೆ. ಮನೆ ಕಂಪ್ಯೂಟರಿನ ಮೇಲ್ ಪ್ರೋಗ್ರಾಂ ಯಾಕೆ ಪದೇ ಪದೇ ಕುಸಿದು ಬೀಳುತ್ತಿತ್ತು, ರಿಪೇರಿ ಮಾಡಲು ಬಂದವರ ಕೈಯಲ್ಲೇ ಎಷ್ಟೋ ಪತ್ರಗಳು ಯಾಕೆ ಕಳೆದುಹೋದವು ಅಂತ. ನಾನು ಕೆಲವು ವರ್ಷ ಮೈಸೂರಿನಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ಸರಿಮಾಡುತ್ತಿದ್ದವನು. ಹಾಗಾಗಿ ಇದು ಅರ್ಧ ಓದಿದ್ದು, ಅರ್ಧ ಕಂಡಿದ್ದು.

ಕಥೆ ಶುರುವಾಗೋದು 1971ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ರೇ ಟಾಮ್ಲಿನ್‌ಸನ್ ಅನ್ನುವ ಎಂಜಿನಿಯರ್ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಸಂದೇಶ ಕಳಿಸಿದರು. ಹೆಸರಿನ ಮಧ್ಯೆ ‘ಅಟ್’ ಚಿಹ್ನೆ ಹಾಕಿದವರು ಅವರೇ. ಅದು ಎಲ್ಲರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರೋದು ಏನಂದರೆ, ಆ ವ್ಯವಸ್ಥೆಯಲ್ಲಿ ಅಂಚೆಪೆಟ್ಟಿಗೆ ಅನ್ನೋದು ಬರೀ ಒಂದು ಫೈಲ್. ಬೇರೆಯವರು ಅದರ ಕೊನೆಗೆ ಸೇರಿಸಬಹುದು, ಆದರೆ ಓದಲಾಗದು, ಇದ್ದದ್ದನ್ನು ಅಳಿಸಲಾಗದು. ಹೊಸ ಪತ್ರ ಬಂತು ಅಂದರೆ ಆ ಫೈಲಿನ ಬಾಲ ಬೆಳೆಯಿತು, ಅಷ್ಟೇ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ದಿನದಿನದ ಲೆಕ್ಕ ಬರೆದುಕೊಂಡು ಹೋಗುತ್ತಾರಲ್ಲ, ಹಾಗೆ.

ಯೂನಿಕ್ಸ್ ಯಂತ್ರಗಳೂ ಇದೇ ದಾರಿ ಹಿಡಿದವು. ಅಲ್ಲಿ ಒಂದು ತಮಾಷೆ ಇದೆ. ಎಲ್ಲಾ ಪತ್ರ ಒಂದೇ ಫೈಲಿನಲ್ಲಿದ್ದರೆ, ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹೇಗೆ ಗೊತ್ತಾಗಬೇಕು? ಸಾಲಿನ ಮೊದಲಿಗೆ ‘ಫ್ರಮ್’ ಅನ್ನುವ ಪದ, ಅದರ ಮುಂದೆ ಒಂದು ಖಾಲಿ ಜಾಗ ಬಂದರೆ ಅದು ಹೊಸ ಪತ್ರ. ಹಾಗಾದರೆ ಪತ್ರ ಬರೆದವರೇ ಒಂದು ಸಾಲನ್ನು ‘ಫ್ರಮ್’ ಅಂತ ಶುರುಮಾಡಿದರೆ? ಪತ್ರ ಎರಡು ಹೋಳು! ಅದಕ್ಕೇ ಆ ಪದದ ಹಿಂದೆ ಒಂದು ಬಾಣದ ಗುರುತು ಸೇರಿಸುವ ಪದ್ಧತಿ ಬಂತು. ಹಳೆಯ ಮೇಲ್‌ಗಳಲ್ಲಿ ಆ ಬಾಣ ಇವತ್ತಿಗೂ ಕಾಣಿಸುತ್ತದೆ.

1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡಾರ್ನರ್ ಬರೆದ ‘ಯೂಡೋರಾ’ ಪ್ರೋಗ್ರಾಂ ಕೂಡ ಇದೇ ಸಂಪ್ರದಾಯದ್ದು. ಅಂಚೆ ಕಚೇರಿಯಲ್ಲಿ ವಾಸಮಾಡುವವಳ ಕಥೆ ಬರೆದ ಲೇಖಕಿ ಯೂಡೋರಾ ವೆಲ್ಟಿ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಪತ್ರಗಳಿಗೊಂದು ಫೈಲ್, ಅವುಗಳ ಪಟ್ಟಿಗೆ ಪಕ್ಕದಲ್ಲೇ ಇನ್ನೊಂದು ಪುಟ್ಟ ಫೈಲ್. ಪಟ್ಟಿ ಕೆಟ್ಟರೆ ಪ್ರೋಗ್ರಾಂ ತಾನೇ ಹೊಸದನ್ನು ಕಟ್ಟಿಕೊಳ್ಳುತ್ತಿತ್ತು. ಪತ್ರಗಳ ಫೈಲೋ, ಸಾದಾ ಅಕ್ಷರ. ಏನೂ ಇಲ್ಲದಿದ್ದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ಸಭ್ಯ ಪ್ರೋಗ್ರಾಂ ಆಮೇಲೆ ಬಹಳ ದಿನ ಬರಲಿಲ್ಲ.

ಈಗ ಭಾರತಕ್ಕೆ ಬರೋಣ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಬೆಂಗಳೂರಿನ ಐಐಎಸ್‌ಸಿಯಂಥ ಸಂಸ್ಥೆಗಳಲ್ಲಿ ಅದಕ್ಕೂ ಮುಂಚೆ ಅರ್ನೆಟ್ ಮೂಲಕ ಇಮೇಲ್ ಇತ್ತು, ಆದರೆ ಮನೆಗೆ ಬಂದಿದ್ದು ಆಮೇಲೆ. ಫೋನ್ ಲೈನಿನ ಮೇಲೆ ಮೋಡೆಮ್ ಕೀರಲು ದನಿಯಲ್ಲಿ ಕೂಗಿ ಸಂಪರ್ಕ ಸಿಗಬೇಕು. ಸಿಕ್ಕ ಮೇಲೆ ಫೋನ್ ಬಿಲ್ಲೂ ಓಡುತ್ತದೆ, ಇಂಟರ್ನೆಟ್ ಗಂಟೆಯೂ ಓಡುತ್ತದೆ. ಆದ್ದರಿಂದ ಜನ ಏನು ಮಾಡುತ್ತಿದ್ದರು ಅಂದರೆ, ಬೇಗ ಮೇಲ್ ಇಳಿಸಿಕೊಂಡು ಲೈನ್ ಕಟ್ ಮಾಡಿ ನಿಧಾನವಾಗಿ ಓದುತ್ತಿದ್ದರು. ಇದಕ್ಕೆ ಹೊಂದುವ ನಿಯಮಾವಳಿಯ ಹೆಸರು ಪಾಪ್, ಅಂದರೆ ಪೋಸ್ಟ್ ಆಫೀಸ್ ಪ್ರೋಟೋಕಾಲ್. 1984ರಿಂದಲೇ ಇದ್ದದ್ದು. ಸಾಮಾನ್ಯವಾಗಿ ಅದು ಪತ್ರವನ್ನು ಮನೆಗೆ ತಂದುಕೊಟ್ಟು ಸರ್ವರಿನಿಂದ ಅಳಿಸಿಬಿಡುತ್ತಿತ್ತು. ಸರ್ವರಿನಲ್ಲಿ ಜಾಗ ಕಡಿಮೆ, ಹಾಗಾಗಿ ಅದೇ ಸರಿ ಅನ್ನಿಸಿತ್ತು. ಅಳಿಸಬೇಡ ಅನ್ನುವ ಆಯ್ಕೆ ಸೆಟ್ಟಿಂಗ್ಸ್ ಒಳಗೆ ಎಲ್ಲೋ ಇತ್ತು. ಯಾರು ಹುಡುಕುತ್ತಾರೆ?

ಅಂದರೆ ಲೋಕದಲ್ಲಿ ಆ ಪತ್ರದ ನಿಮ್ಮ ಪ್ರತಿ ಒಂದೇ. ಅದು ಹಾಲಿನ ಮೂಲೆಯಲ್ಲಿ, ಹೂವಿನ ಬಟ್ಟೆ ಹೊದ್ದ ಕಂಪ್ಯೂಟರಿನೊಳಗೆ, ಒಂದೇ ಫೈಲಿನಲ್ಲಿ.

1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ಔಟ್‌ಲುಕ್ ಎಕ್ಸ್‌ಪ್ರೆಸ್ ಬಂತು. ಪುಕ್ಕಟೆ, ಆಮೇಲಾಮೇಲೆ ವಿಂಡೋಸ್ ಜೊತೆಗೇ ಬರತೊಡಗಿತು. ಸಹಜವಾಗಿ ಮನೆಗಳಲ್ಲಿ ಅದೇ ನಿಂತಿತು. 1999ರ ಐದನೇ ಆವೃತ್ತಿಯಿಂದ ಅದು ಪ್ರತಿ ಫೋಲ್ಡರಿಗೂ ‘ಡಿಬಿಎಕ್ಸ್’ ಅನ್ನುವ ಒಂದು ಫೈಲ್ ಇಟ್ಟುಕೊಳ್ಳುತ್ತಿತ್ತು. ಇನ್‌ಬಾಕ್ಸಿಗೆ ಒಂದು, ಕಳಿಸಿದ ಪತ್ರಗಳಿಗೆ ಒಂದು. ಇದು ಯೂಡೋರಾದ ಹಾಗೆ ಸಾದಾ ಫೈಲ್ ಅಲ್ಲ. ಪತ್ರಗಳನ್ನು ತುಂಡುತುಂಡು ಮಾಡಿ ಜೋಡಿಸಿ, ಯಾವ ತುಂಡು ಎಲ್ಲಿದೆ ಅನ್ನುವ ಕೊಂಡಿಗಳನ್ನೂ ಅದರೊಳಗೇ ಬರೆದಿಟ್ಟ ಫೈಲ್. ಒಂದು ಕೊಂಡಿ ಕಳಚಿದರೆ ಹಿಂದಿನದ್ದೆಲ್ಲ ಅಲುಗಾಡುತ್ತದೆ.

ಅದಕ್ಕೊಂದು ಮಿತಿಯೂ ಇತ್ತು, 2 ಜಿಬಿ. ಈ ಸಂಖ್ಯೆ ಎಲ್ಲಿಂದ ಬಂತು? ಫೈಲಿನೊಳಗಿನ ವಿಳಾಸವನ್ನು 32 ಬಿಟ್‌ನಲ್ಲಿ ಬರೆದು, ಅದರಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಕೊಟ್ಟರೆ ಉಳಿಯೋದು 31. ಎರಡನ್ನು 31 ಸಲ ಗುಣಿಸಿದರೆ 214 ಕೋಟಿ 74 ಲಕ್ಷ 83 ಸಾವಿರದ 648 ಬೈಟ್. ಅಲ್ಲಿಗೆ ಲೆಕ್ಕ ಮುಗಿಯಿತು. ಆಫೀಸಿನ ಔಟ್‌ಲುಕ್‌ನ ‘ಪಿಎಸ್‌ಟಿ’ ಫೈಲಿಗೂ ಇದೇ ಗತಿ. 2003ರ ಆವೃತ್ತಿಯಲ್ಲಿ ಹೊಸ ರೂಪದ ಫೈಲ್ ಬರುವ ತನಕ ಮಿತಿ 2 ಜಿಬಿಯೇ. ಅದನ್ನು ದಾಟಿದ ಫೈಲ್ ತೆರೆಯದಿದ್ದಾಗ ಬಳಸಲು ಮೈಕ್ರೋಸಾಫ್ಟೇ ಒಂದು ಸಲಕರಣೆ ಕೊಟ್ಟಿತ್ತು. ಅದು ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಫೈಲಿನ ಒಂದಿಷ್ಟು ಭಾಗವನ್ನು ಕತ್ತರಿಸಿ ಹಾಕೋದು! ಹೆಚ್ಚಾದಷ್ಟನ್ನು ಕಡಿದು, ಉಳಿದದ್ದನ್ನು ರಿಪೇರಿ ಪ್ರೋಗ್ರಾಂಗೆ ಒಪ್ಪಿಸೋದು. ಕತ್ತರಿಸಿದ್ದರಲ್ಲಿ ಏನಿತ್ತು ಅಂತ ಕೇಳುವ ಹಾಗಿಲ್ಲ.

ಪತ್ರ ಅಳಿಸಿದರೂ ಫೈಲ್ ಸಣ್ಣದಾಗುತ್ತಿರಲಿಲ್ಲ ಅನ್ನೋದು ಇನ್ನೊಂದು ವಿಚಿತ್ರ. ಜಾಗ ಖಾಲಿ ಅಂತ ಗುರುತು ಬೀಳುತ್ತಿತ್ತು, ಅಷ್ಟೇ. ನಿಜವಾಗಿ ಕುಗ್ಗಿಸಲು ‘ಕಾಂಪ್ಯಾಕ್ಟ್’ ಮಾಡಬೇಕು. ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಂದ ಮೇಲೆ ಔಟ್‌ಲುಕ್ ಎಕ್ಸ್‌ಪ್ರೆಸ್ ಅನ್ನು ನೂರು ಸಲ ಮುಚ್ಚಿದಾಗ ಒಮ್ಮೆ, ಪತ್ರಗಳನ್ನು ಒತ್ತೊತ್ತಾಗಿ ಜೋಡಿಸಲಾ ಅಂತ ಅದು ಕೇಳುತ್ತಿತ್ತು. ಕೇಳೋದು ಯಾವಾಗ? ಮನುಷ್ಯ ಕಂಪ್ಯೂಟರ್ ಆರಿಸಿ ಊಟಕ್ಕೆ ಏಳುವಾಗ. ‘ಸರಿ’ ಅಂತ ಒತ್ತಿ, ಎರಡು ನಿಮಿಷ ಕಾದು, ಬೇಸತ್ತು ಸ್ವಿಚ್ಚೇ ಆರಿಸುತ್ತಿದ್ದರು. ಇಲ್ಲವೇ ಕರೆಂಟೇ ಹೋಗುತ್ತಿತ್ತು. ನಮ್ಮ ಊರುಗಳಲ್ಲಿ ಅದೇನು ಅಪರೂಪವೇ? ಹಳೆಯ ಫೈಲಿನಿಂದ ಹೊಸ ಫೈಲಿಗೆ ಪತ್ರಗಳು ಸಾಗುತ್ತಿರುವಾಗ ನಡುವೆ ನಿಂತರೆ ಫೋಲ್ಡರೇ ಖಾಲಿ.

ಕುಸಿತಕ್ಕೆ ಎರಡನೇ ಕಾರಣ ಪ್ರಿವ್ಯೂ ಕಿಟಕಿ. ಆಯ್ಕೆಯಾದ ಪತ್ರವನ್ನು ನೀವು ತೆರೆಯದಿದ್ದರೂ ಪ್ರೋಗ್ರಾಂ ಕೆಳಗಿನ ಅರ್ಧದಲ್ಲಿ ಅದನ್ನು ಬಿಡಿಸಿ ತೋರಿಸುತ್ತದೆ. ಆ ಪತ್ರದ ರಚನೆಯೇ ಕೆಟ್ಟಿದ್ದರೆ ತೋರಿಸಲು ಹೋಗಿ ಬೀಳುತ್ತದೆ. ಮತ್ತೆ ತೆರೆದರೆ ಮತ್ತೆ ಅದೇ ಪತ್ರ, ಮತ್ತೆ ಬೀಳುತ್ತದೆ. 1999ರ ನವೆಂಬರಿನಲ್ಲಿ ಬಂದ ‘ಬಬಲ್‌ಬಾಯ್’ ಅನ್ನುವ ವರ್ಮ್, ಪ್ರಿವ್ಯೂನಲ್ಲಿ ಕಾಣಿಸಿದರೂ ಸಾಕು ಅಂಟಿಕೊಳ್ಳಬಹುದು ಅಂತ ತೋರಿಸಿಕೊಟ್ಟಿತು. ಅಲ್ಲಿಯವರೆಗೆ ‘ಅಟ್ಯಾಚ್‌ಮೆಂಟ್ ತೆರೆಯಬೇಡಿ, ಏನೂ ಆಗಲ್ಲ’ ಅಂತ ನಾವೆಲ್ಲ ಹೇಳುತ್ತಿದ್ದ ಬುದ್ಧಿಮಾತಿಗೆ ಅರ್ಧ ಬೆಲೆ ಹೋಯಿತು.

ಪತ್ರ ಇನ್ನೂ ಸರ್ವರಿನಲ್ಲೇ ಇದ್ದು, ಇಳಿಸುವಾಗಲೇ ಪ್ರೋಗ್ರಾಂ ಕುಸಿಯುತ್ತಿದ್ದರೆ ಒಂದು ಉಪಾಯವಿತ್ತು. ಕಪ್ಪು ಪರದೆಯಲ್ಲಿ ಟೆಲ್ನೆಟ್ ಮಾಡಿ ಸರ್ವರಿನ 110ನೇ ಪೋರ್ಟಿಗೆ ಸಂಪರ್ಕ ಹಾಕೋದು. ಹೆಸರು, ಪಾಸ್‌ವರ್ಡ್ ಕೊಟ್ಟು ‘ಲಿಸ್ಟ್’ ಅಂದರೆ ಪತ್ರಗಳ ಸಂಖ್ಯೆ ಮತ್ತು ಗಾತ್ರ ಬರುತ್ತದೆ. ಅನುಮಾನವಿದ್ದದ್ದನ್ನು ‘ಡಿಲೀ 3’ ಅಂತ ಕೊಟ್ಟು ಅಳಿಸಿ, ‘ಕ್ವಿಟ್’ ಅನ್ನಬೇಕು. ಕ್ವಿಟ್ ಅನ್ನದೆ ಲೈನ್ ಕಡಿದರೆ ಏನೂ ಅಳಿಯೋದಿಲ್ಲ. 1980ರ ದಶಕದಲ್ಲಿ ನಿಯಮ ಬರೆದವರ ಈ ಎಚ್ಚರಿಕೆ ನನಗೆ ಇವತ್ತಿಗೂ ಮೆಚ್ಚುಗೆ.

ಮೂರನೆಯದು ಆ್ಯಂಟಿವೈರಸ್. ಸಾವಿರ ಪತ್ರಗಳ ಒಂದೇ ಫೈಲಿನಲ್ಲಿ ಒಂದು ಪತ್ರಕ್ಕೆ ವೈರಸ್ ಇದೆ ಅನ್ನೋಣ. ಆ್ಯಂಟಿವೈರಸ್ಸಿಗೆ ಕಾಣೋದು ಪತ್ರ ಅಲ್ಲ, ಫೈಲ್. ಇಡೀ ಇನ್‌ಬಾಕ್ಸನ್ನೇ ಎತ್ತಿ ಬಂದೀಖಾನೆಗೆ ಹಾಕಿದ ಪ್ರಸಂಗಗಳು ಇದ್ದವು. ಇಲಿಗೆ ಹೆದರಿ ಮನೆ ಸುಟ್ಟರು ಅಂತಾರಲ್ಲ, ಆ ಥರ.

ಆದರೆ ನಾನು ಕಂಡ ಹಾಗೆ ಪತ್ರಗಳನ್ನು ಅತಿ ಹೆಚ್ಚು ಕೊಂದಿದ್ದು ಇದ್ಯಾವುದೂ ಅಲ್ಲ. ‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್’ ಅನ್ನುವ ಮಾತು. ವಿಂಡೋಸ್ ಹೊಸದಾಗಿ ಹಾಕುವ ಮೊದಲು ರಿಪೇರಿಯವರು ‘ಮೈ ಡಾಕ್ಯುಮೆಂಟ್ಸ್’ ಮತ್ತು ಡೆಸ್ಕ್‌ಟಾಪ್ ನಕಲು ಮಾಡಿಕೊಳ್ಳುತ್ತಿದ್ದರು. ಪತ್ರಗಳ ಫೈಲ್ ಅಲ್ಲಿ ಇರುತ್ತಿರಲಿಲ್ಲ. ಅದು ಬಳಕೆದಾರರ ಹೆಸರಿನ ಫೋಲ್ಡರಿನ ಒಳಗೆ, ಸಾಮಾನ್ಯವಾಗಿ ಕಣ್ಣಿಗೇ ಬೀಳದಂತೆ ಮರೆಮಾಡಿದ ‘ಲೋಕಲ್ ಸೆಟ್ಟಿಂಗ್ಸ್’ ಒಳಗೆ, ಅದರೊಳಗೆ ‘ಐಡೆಂಟಿಟೀಸ್’, ಅದರೊಳಗೆ ಅಂಕಿ ಅಕ್ಷರ ಕಲಸಿದ ಉದ್ದನೆಯ ಹೆಸರಿನ ಇನ್ನೊಂದು ಫೋಲ್ಡರ್. ಅಷ್ಟು ಆಳದಲ್ಲಿ. ಗೊತ್ತಿದ್ದವರಿಗೂ ಹುಡುಕಲು ಬೇಸರ.

2006ರಲ್ಲಿ ಕುವೆಂಪುನಗರದ ಒಂದು ಮನೆಗೆ ಹೋಗಿದ್ದೆ. ನಿವೃತ್ತ ಮೇಷ್ಟ್ರು, ಒಬ್ಬರೇ ಇದ್ದರು. ಅವರ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಮಗಳು ಅಮೆರಿಕದಲ್ಲಿ. ಮೇಲ್ ಪ್ರೋಗ್ರಾಂ ತೆರೆದರೆ ಎಣಿಸಿ ಐದು ಸೆಕೆಂಡಿಗೆ ಮುಚ್ಚಿಕೊಳ್ಳುತ್ತಿತ್ತು. ನನಗಿಂತ ಮುಂಚೆ ಬಂದಿದ್ದವರು ಫಾರ್ಮ್ಯಾಟ್ ಮಾಡುವ ಸಿಡಿಯನ್ನು ಮೇಜಿನ ಮೇಲೇ ಬಿಟ್ಟು, ನಾಳೆ ಬರ್ತೀನಿ ಅಂತ ಹೋಗಿದ್ದರು.

ಮೇಷ್ಟ್ರು ಕೇಳಿದ್ದು ಒಂದೇ: ‘ನೋಡಪ್ಪಾ, ಕಂಪ್ಯೂಟರ್ ಹೋದರೆ ಹೋಗಲಿ. ಇವಳು ಮಗಳಿಗೆ ಬರೆದಿದ್ದೆಲ್ಲ ಇದರಲ್ಲಿದೆ ಅಂತಾರೆ. ಅದು ಇದೆಯೋ ಇಲ್ಲವೋ ಅಷ್ಟು ಹೇಳು.’

‘ಇದ್ದೇ ಇರತ್ತೆ ಸಾರ್’ ಅನ್ನಲು ಬಾಯಿ ಬರಲಿಲ್ಲ. ‘ಮೊದಲು ನಕಲು ಮಾಡ್ಕೊಳ್ತೀನಿ ಸಾರ್, ಆಮೇಲೆ ಹೇಳ್ತೀನಿ’ ಅಂದೆ.

ಫೋಲ್ಡರ್ ಹುಡುಕಿ ಇಡಿಯಾಗಿ ನನ್ನ ಹಾರ್ಡ್ ಡಿಸ್ಕಿಗೆ ಹಾಕಿಕೊಂಡೆ. ಇನ್‌ಬಾಕ್ಸಿನ ಫೈಲ್ 2 ಜಿಬಿಯ ಅಂಚಿನಲ್ಲಿತ್ತು. ಅಳಿಯ ಡಿಜಿಟಲ್ ಕ್ಯಾಮರಾ ಕೊಂಡು ಮೊಮ್ಮಗುವಿನ ಫೋಟೋಗಳನ್ನು ಕುಗ್ಗಿಸದೆ ಕಳಿಸಿದ್ದ. ಆ ಒಂದು ಫೈಲನ್ನು ಅಲ್ಲಿಂದ ಎತ್ತಿ ಡೆಸ್ಕ್‌ಟಾಪ್ ಮೇಲಿಟ್ಟು ಪ್ರೋಗ್ರಾಂ ತೆರೆದೆ. ಹೊಸ ಖಾಲಿ ಇನ್‌ಬಾಕ್ಸ್ ಕಟ್ಟಿಕೊಂಡು ತಣ್ಣಗೆ ನಿಂತಿತು. ಕಳಿಸಿದ ಪತ್ರಗಳದ್ದು ಬೇರೆ ಫೈಲ್ ತಾನೇ, ಅದಕ್ಕೆ ಏನೂ ಆಗಿರಲಿಲ್ಲ. ಆ ಅಮ್ಮ ಬರೆದ ಮುನ್ನೂರಕ್ಕೂ ಹೆಚ್ಚು ಪತ್ರ ಅಲ್ಲಿದ್ದವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮೊದಲನೆಯದನ್ನು ಓದಲು ಕೂತರು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಮಗಳ ಪತ್ರಗಳು ಮಾತ್ರ ಆ ಕೆಟ್ಟ ಫೈಲಿನಲ್ಲಿದ್ದವು. ರಾತ್ರಿ ನನ್ನ ಕಂಪ್ಯೂಟರಿನಲ್ಲಿ ಒಂದೊಂದಾಗಿ ಹೆಕ್ಕಿ ತೆಗೆದೆ. ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಗುರುತುಗಳು. ಪೂರ್ತಿ ಕೆಟ್ಟಿವೆ ಅಂದುಕೊಳ್ಳಬೇಕು, ಅಷ್ಟರಲ್ಲಿ ಒಂದರ ಮೇಲೆ ‘ಬರಹ’ದ ಫಾಂಟಿನ ಹೆಸರು ಕಂಡಿತು. ಯೂನಿಕೋಡ್ ಇನ್ನೂ ರೂಢಿಗೆ ಬರದ ಕಾಲದಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಗುರುತುಗಳ ಜಾಗದಲ್ಲಿ ಕೂರಿಸುತ್ತಿದ್ದರು. ಶೇಷಾದ್ರಿವಾಸು ಅವರ ‘ಬರಹ’ 1998ರಿಂದ ಇತ್ತು, ಹೊರದೇಶದಲ್ಲಿದ್ದ ಕನ್ನಡಿಗರಲ್ಲಿ ಬಹಳ ಜನ ಅದರಲ್ಲೇ ಬರೆಯುತ್ತಿದ್ದರು. ಫಾಂಟ್ ಹಾಕಿದೆ. ಆ ಕಲಸುಮೇಲೋಗರವೆಲ್ಲ ‘ಅಮ್ಮಾ’ ಅಂತ ಶುರುವಾಗುವ ಪತ್ರಗಳಾದವು. ಕೊನೆಯ ಎರಡು ತಿಂಗಳಿನವು ಸಿಗಲಿಲ್ಲ.

ಪರಿಹಾರ ಏನು ಅನ್ನೋದು ಎಂಜಿನಿಯರುಗಳಿಗೆ ಮೊದಲೇ ಗೊತ್ತಿತ್ತು. 1990ರ ದಶಕದ ಮಧ್ಯದಲ್ಲೇ ಡಿ. ಜೆ. ಬರ್ನ್‌ಸ್ಟೈನ್ ‘ಮೇಲ್‌ಡಿರ್’ ಅನ್ನುವ ವಿಧಾನ ತಂದಿದ್ದರು. ಪ್ರತಿ ಪತ್ರಕ್ಕೂ ತನ್ನದೇ ಫೈಲ್, ಒಂದು ಕೆಟ್ಟರೆ ಒಂದೇ ಹೋಗುತ್ತದೆ. ವಿಂಡೋಸ್ ವಿಸ್ತಾದ ‘ವಿಂಡೋಸ್ ಮೇಲ್’ ಕೂಡ ಕೊನೆಗೂ ಪತ್ರಕ್ಕೊಂದು ಫೈಲ್ ಮಾಡಿತು. ಆದರೆ ಅದು ಮನೆಗಳಿಗೆ ಬಂದಿದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಜನ ಬ್ರೌಸರಿಗೆ ಹೊರಟಿದ್ದರು. ಆ ದಾರಿ ತೆರೆದ ಹಾಟ್‌ಮೇಲ್ 1996ರದ್ದು, ಅದರ ಇಬ್ಬರು ಸ್ಥಾಪಕರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಓದಿದ ಹುಡುಗ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಜಿಬಿ ಜಾಗ ಕೊಡುತ್ತೇವೆ ಅಂದಾಗ ಏಪ್ರಿಲ್ ಫೂಲ್ ಅಂದುಕೊಂಡವರಿದ್ದರು. ಪತ್ರಗಳು ಮನೆಯಿಂದ ಹೊರಟವು. ಅವುಗಳ ಬೀಗದ ಕೈ ಈಗ ಯಾರ ಹತ್ತಿರ ಇದೆ ಅನ್ನೋದು ಇನ್ನೊಂದು ಸಂಚಿಕೆಯ ವಿಷಯ.

ಅಟ್ಟದ ಮೇಲೆ ಹಳೆಯ ಸಿಪಿಯು ಇದ್ದವರು ಗುಜರಿಗೆ ಹಾಕುವ ಮುಂಚೆ ಅದರ ಹಾರ್ಡ್ ಡಿಸ್ಕ್ ತೆಗೆಸಿ. ಬೇರೆ ಕಂಪ್ಯೂಟರಿಗೆ ಜೋಡಿಸಿ, ಮರೆಮಾಡಿದ ಫೈಲುಗಳನ್ನು ತೋರಿಸು ಅಂತ ಕೊಟ್ಟು, ಡಿಬಿಎಕ್ಸ್ ಅಥವಾ ಪಿಎಸ್‌ಟಿ ಅಂತ ಕೊನೆಯಾಗುವ ಹೆಸರುಗಳನ್ನು ಹುಡುಕಿ. ಸಿಕ್ಕಿದ್ದನ್ನು ತೆರೆಯಲು ಹೋಗಬೇಡಿ, ಮೊದಲು ನಕಲು ಮಾಡಿ, ತೆರೆಯುವ ಪ್ರಯತ್ನವೆಲ್ಲ ನಕಲಿನ ಮೇಲೆ. ಅಕ್ಷರ ಅರ್ಥವಾಗದೆ ಕಂಡರೆ ಅಳಿಸಬೇಡಿ, ಹಳೆಯ ಕನ್ನಡ ಫಾಂಟ್ ಇರಬಹುದು. ಏನಾದರೂ ಸಿಕ್ಕರೆ ನಮಗೆ ಬರೆದು ತಿಳಿಸಿ.